ನಗುವ ಮಗಳೂ ಕಳವಳಪಡುವ ಮಗಳೂ

ಬರೆದ ಚಿತ್ರಗಳಿಗೆ ಚಲನೆಯನ್ನು ಕೊಟ್ಟು ಕಥೆ ಹೇಳುವ ಆನಿಮೇಷನ್ ಕಲೆಯು ಎಳೆಯ ಮಕ್ಕಳ ವಿನೋದಕ್ಕೆ ಮಾತ್ರ ಸಲ್ಲತಕ್ಕದ್ದೆಂದು ಹಿರಿಯರಲ್ಲನೇಕರು ಭಾವಿಸಿರುವರು. ಮಕ್ಕಳನ್ನು ಚಿತ್ರಮಂದಿರಕ್ಕೆ ಕರೆದೊಯ್ದು, ತಾವು ಪಕ್ಕದಲ್ಲಿ ತೂಕಡಿಸುವ ತಂದೆತಾಯಿಗಳೂ ಇಲ್ಲದಿಲ್ಲ. ಆದರೆ ಈ ಕಲೆಯ ಕೆಲವು ಉತ್ತಮ ಕೃತಿಗಳಲ್ಲಿ, ಬೆಳೆಯುವ ಬಾಲಿಕೆಯ ಕಳವಳವನ್ನು ಕುರಿತು ಮನೆಯ ಹಿರಿಯರೂ ಶಾಲೆಯ ಉಪಾಧ್ಯಾಯಿನಿಯರೂ ಕೇಳತಕ್ಕ ಮಾತೊಂದು ಅಡಗಿದೆ. ಅದನ್ನು ವಿಚಾರಿಸುವುದೇ ಇಲ್ಲಿ ನಮ್ಮ ಉದ್ದೇಶ.

ಅಮೆರಿಕದ ಪಿಕ್ಸಾರ್ ಸಂಸ್ಥೆಯವರು 2015ರಲ್ಲಿ ‘ಇನ್‌ಸೈಡ್ ಔಟ್’ ಎಂಬ ಚಿತ್ರವನ್ನು ಹೊರತಂದರು. ಪೀಟ್ ಡಾಕ್ಟರ್ ಎಂಬವರು ಅದರ ನಿರ್ದೇಶಕರು. ರೈಲಿ ಎಂಬ 11 ವರ್ಷದ ಹುಡುಗಿಯು ಮಿನೆಸೋಟಾದ ತನ್ನ ಮನೆಯನ್ನೂ ಗೆಳತಿಯರನ್ನೂ ಬಿಟ್ಟು, ತಂದೆತಾಯಿಗಳೊಡನೆ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬರುವಳು. ಅವಳ ಮನಸ್ಸಿನೊಳಗೆ ಆನಂದ, ದುಃಖ, ಭಯ, ಜುಗುಪ್ಸೆ, ಕೋಪ ಎಂಬ ಐದು ಪಾತ್ರಗಳು ಕುಳಿತು ಅವಳ ನಡೆನುಡಿಗಳನ್ನು ನಡೆಯಿಸುವುವು. ತಂದೆಗೆ ಉದ್ಯೋಗದ ಚಿಂತೆಯಿರುವ ಆ ದಿನಗಳಲ್ಲಿ ತಾಯಿಯು ಮಗಳ ಬಳಿಗೆ ಬಂದು, ತಾವಿಬ್ಬರೂ ನಗುನಗುತ್ತಿದ್ದರೆ ಅವರಿಗೆ ಸಹಾಯವಾಗುವುದೆಂದು ಹೇಳುವಳು. ಆ ಮಾತಿನಲ್ಲಿ ಕೆಡುಕಿಲ್ಲ, ಪ್ರೀತಿಯೇ ಇದೆ. ಆದರೂ ಅದರಿಂದ ಮಗುವಿನ ದುಃಖಕ್ಕೆ ಮನೆಯಲ್ಲಿ ಎಡೆಯಿಲ್ಲದಂತಾಯಿತು. ಮನೆಬಿಟ್ಟು ಬಸ್ಸು ಹತ್ತಿದ ಹುಡುಗಿಯು ನಡುದಾರಿಯಲ್ಲಿಳಿದು ಹಿಂದಿರುಗಿ, ತಂದೆತಾಯಿಗಳ ಮುಂದೆ ಅತ್ತ ಮೇಲೆಯೇ ಅವಳಿಗೆ ನೆಮ್ಮದಿ.

ಇದರ ಎರಡನೆಯ ಭಾಗವು 2024ರಲ್ಲಿ ಕೆಲ್ಸೀ ಮಾನ್ ಅವರ ನಿರ್ದೇಶನದಲ್ಲಿ ಬಂದಿತು. ಈಗ ರೈಲಿಗೆ 13 ವರ್ಷ. ಆತಂಕ, ಅಸೂಯೆ, ಬೇಸರ, ಮುಜುಗರ ಎಂಬ ನಾಲ್ಕು ಹೊಸ ಪಾತ್ರಗಳು ಅವಳ ಮನಸ್ಸನ್ನು ಹೊಗುವುವು. ಭಯವು ಕಣ್ಣಿಗೆ ಕಾಣುವ ಅಪಾಯದಿಂದ ಕಾಯುವುದಾದರೆ, ತಾನು ಕಾಣದ ಅಪಾಯದಿಂದ ಕಾಯುವೆನೆಂದು ಆತಂಕವು ಹೇಳಿಕೊಳ್ಳುವುದು. ಇದು ಸೂಕ್ಷ್ಮವಾದ ಅರಿವು. ಆತಂಕವು ರಾಕ್ಷಸಿಯಲ್ಲ; ಮಿತಿಯರಿಯದೆ ದುಡಿಯುವ ಕಾವಲುಗಾರ್ತಿ. ನೆಚ್ಚಿನ ಗೆಳತಿಯರಿಬ್ಬರೂ ತನ್ನನ್ನಗಲಿ ಬೇರೆ ಶಾಲೆಗೆ ಹೋಗುವರೆಂದು ತಿಳಿದ ರೈಲಿಯು ಹಾಕಿ ಆಟದ ಶಿಬಿರದಲ್ಲಿ ಹೊಸಬರ ಮೆಚ್ಚುಗೆಗಾಗಿ ಹೆಣಗುವಳು. ಹಳೆಯ ಗೆಳತಿಯರನ್ನು ಕಡೆಗಣಿಸುವಳು. ತರಬೇತುಗಾರ್ತಿಯ ಟಿಪ್ಪಣಿ ಪುಸ್ತಕವನ್ನು ಕದ್ದು ಓದುವಳು. ಕಡೆಗೆ ಆಟದ ನಡುವೆ ಗೆಳತಿಯನ್ನು ಕೆಡಹಿ, ಶಿಕ್ಷೆಗಾಗಿ ಹೊರಗೆ ಕುಳಿತಾಗ, ಎದೆ ಹೊಡೆದುಕೊಂಡು ಉಸಿರು ಸಿಕ್ಕದೆ ತತ್ತರಿಸುವಳು.

ಈ ಅವಸ್ಥೆಗೆ ಆತಂಕವೊಂದೇ ಕಾರಣವೆಂದು ಹೇಳಿದ್ದರೆ ಚಿತ್ರವು ಸಾಮಾನ್ಯವಾಗುತ್ತಿತ್ತು. ಆದರೆ ಈ ತಪ್ಪಿನಲ್ಲಿ ಆನಂದಕ್ಕೂ ಪಾಲುಂಟು. ರೈಲಿಯ ಸೋಲುತಪ್ಪುಗಳ ನೆನಪುಗಳನ್ನೆಲ್ಲ ಆನಂದವು ಮನಸ್ಸಿನ ದೂರದ ಮೂಲೆಗೆ ಎಸೆಯುತ್ತ ಬಂದು, ಚೆಂದದ ನೆನಪುಗಳಿಂದಲೇ ‘ನಾನು ಒಳ್ಳೆಯವಳು’ ಎಂಬ ನಂಬಿಕೆಯನ್ನು ಬೆಳೆಸಿತ್ತು. ಆತಂಕವು ಅದನ್ನು ಕಿತ್ತು, ‘ನಾನು ಸಾಲದವಳು’ ಎಂಬುದನ್ನು ನೆಟ್ಟಿತು. ಇವೆರಡೂ ಮೇಲುನೋಟಕ್ಕೆ ವಿರುದ್ಧವಾದರೂ, ನಮ್ಮ ಅಭಿಪ್ರಾಯದಲ್ಲಿ ಒಂದೇ ತಾಯಿಯ ಮಕ್ಕಳು. ಕುಂದುಳ್ಳವಳನ್ನು ಯಾರೂ ಪ್ರೀತಿಸರೆಂಬ ಅಂಜಿಕೆಯೇ ಆ ತಾಯಿ.

ಈ ಅಂಜಿಕೆಯನ್ನು ನಾವೇ ಮನೆಮನೆಯಲ್ಲಿ ಸಾಕುತ್ತಿಲ್ಲವೆ? ಗಂಡುಮಗನು ಸಿಡುಕಿದರೆ ವಯಸ್ಸಿನ ಗುಣವೆನ್ನುವ ನಾವು, ಹೆಣ್ಣುಮಗಳು ಮುಖ ಬಾಡಿಸಿಕೊಂಡರೆ ಅವಳ ನಡತೆಗೆ ಕುಂದೆಣಿಸುವೆವು. ದನಿಯೆತ್ತದವಳು, ಅಳದವಳು, ತರಗತಿಯಲ್ಲಿ ಹಿಂದೆ ಬೀಳದವಳು ಒಳ್ಳೆಯ ಹುಡುಗಿಯೆಂದು ಹೊಗಳುವೆವು. ಹೀಗೆ ಹೊಗಳಿಸಿಕೊಂಡು ಬೆಳೆದವಳು ಒಂದು ಸಲ ಕಡಮೆ ಅಂಕ ಬಂದರೆ ಅದನ್ನು ತಾಯಿಗೆ ಹೇಗೆ ಹೇಳಿಯಾಳು? ಹೊಗಳಿಕೆಯೇ ಅವಳ ಬಾಯಿ ಕಟ್ಟುವುದು. ಆದುದರಿಂದ ಮಗಳನ್ನು ಬೈಯದಿದ್ದರೆ ಸಾಕೆಂದು ತಿಳಿಯುವುದು ಸರಿಯಲ್ಲ. ನಗದಿರುವ ದಿನವೂ ಅವಳು ನಮಗೆ ಬೇಕಾದವಳೆಂಬುದು ಅವಳಿಗೆ ತಿಳಿದಿರಬೇಕು.

ಚಿತ್ರದಲ್ಲಿ ಒಂದು ಕೊರತೆಯನ್ನೂ ಹೇಳಬೇಕು. ರೈಲಿಯ ತತ್ತರವು ಕೆಲವೇ ನಿಮಿಷಗಳಲ್ಲಿ ಶಮನವಾಗುವುದು. ಬಾಳಿನಲ್ಲಿ ಹಾಗಾಗದು. ಈ ವಿಷಯದಲ್ಲಿ ಜಪಾನಿನ ಹಯಾವೊ ಮಿಯಾಝಾಕಿಯವರ ‘ಕಿಕೀಸ್ ಡೆಲಿವರಿ ಸರ್ವಿಸ್’ ಹೆಚ್ಚು ನಿಜವಾಗಿದೆ. ಐಕೊ ಕದೋನೊ ಎಂಬ ಲೇಖಕಿಯು 1985ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಅದನ್ನು 1989ರಲ್ಲಿ ಚಿತ್ರಿಸಿದರು. ಕಿಕಿ ಎಂಬ 13 ವರ್ಷದ ಮಾಟಗಾರ್ತಿಯು ಕುಲದ ಸಂಪ್ರದಾಯದಂತೆ ಮನೆಬಿಟ್ಟು ಪರವೂರಿಗೆ ಬಂದು, ಪೊರಕೆಯ ಮೇಲೆ ಹಾರಿ ಸಾಮಾನು ತಲುಪಿಸುವ ಕಸಬಿನಿಂದ ಜೀವಿಸುವಳು. ಒಂದು ದಿನ ಅವಳ ಹಾರುವ ಶಕ್ತಿ ಕುಂದುವುದು. ಕಾಡಿನಲ್ಲಿರುವ ಚಿತ್ರಕಾರ್ತಿಯೊಬ್ಬಳು ಅವಳನ್ನು ತನ್ನ ಗುಡಿಸಲಿಗೆ ಕರೆದೊಯ್ದು, ತನಗೂ ಬರೆಯಲಾಗದ ದಿನಗಳುಂಟೆಂದೂ, ಆಗ ಬರೆವುದನ್ನು ಬಿಟ್ಟು ಅಡ್ಡಾಡಿ, ಮಲಗಿ, ಸುಮ್ಮನಿರುವೆನೆಂದೂ ತಿಳಿಸುವಳು. ಇಲ್ಲಿ ಉಪದೇಶವಿಲ್ಲ, ಅವಸರವಿಲ್ಲ. ಇರಲು ಕೋಣೆ ಕೊಟ್ಟ ರೊಟ್ಟಿಯಂಗಡಿಯ ಗೃಹಿಣಿ, ತನ್ನ ಕಷ್ಟವನ್ನು ಮುಚ್ಚಿಡದ ಹಿರಿಯ ಗೆಳತಿ, ಕೊಂಚ ವಿಶ್ರಾಂತಿ, ಇವುಗಳ ಆಸರೆಯಲ್ಲಿ ದಿನಗಳು ಕಳೆಯುವುವು. ಸ್ನೇಹಿತನೊಬ್ಬನ ಪ್ರಾಣ ಉಳಿಸಬೇಕಾದಾಗ ಶಕ್ತಿಯು ತಡವರಿಸುತ್ತ ಹಿಂದಿರುಗುವುದು. ಆಮೇಲೂ ಕಿಕಿಯು ಮನೆಗೆ ಬರೆದ ಪತ್ರದಲ್ಲಿ, ಒಮ್ಮೊಮ್ಮೆ ಮನಸ್ಸು ಕುಗ್ಗುವುದೆಂಬುದನ್ನು ಮರೆಮಾಡುವುದಿಲ್ಲ.

ಕಳವಳದ ಹೆಸರನ್ನೆತ್ತಿದರೆ ಇಲ್ಲದ ಕಳವಳವೂ ಹುಟ್ಟುವುದೆಂದು ಆಕ್ಷೇಪಿಸುವವರುಂಟು. ಹೆಸರಿಲ್ಲದ ನೋವನ್ನು ಹುಡುಗಿಯು ತನ್ನ ದೋಷವೆಂದೇ ತಿಳಿಯುವಳು. ಹೆಸರು ಸಿಕ್ಕಿದರೆ ಅದು ಇತರರಿಗೂ ಬರುವಂಥದೆಂದು ಅರಿಯುವಳು. ಇದು ನಮ್ಮ ಉತ್ತರ. ಆದರೆ ಚಿತ್ರವು ಔಷಧವಲ್ಲ. ನಿದ್ರೆ, ಊಟ, ಪಾಠಗಳು ದಿನದಿನಕ್ಕೆ ಕೆಡುತ್ತ ಬಂದರೆ, ಜ್ವರಕ್ಕೆ ವೈದ್ಯರನ್ನು ಕಾಣುವಂತೆ ಇದಕ್ಕೂ ಕಾಣಬೇಕು. ಅದರಲ್ಲಿ ನಾಚತಕ್ಕದ್ದೇನೂ ಇಲ್ಲ.

‘ಇನ್‌ಸೈಡ್ ಔಟ್’ ಎರಡನೆಯ ಭಾಗದ ಕೊನೆಯಲ್ಲಿ ಆತಂಕವನ್ನು ಹೊರದೂಡುವುದಿಲ್ಲ. ಅದಕ್ಕೆ ಮೆತ್ತನೆಯ ಕುರ್ಚಿಯನ್ನು ಕೊಟ್ಟು ಕೂರಿಸಿ, ತಮ್ಮ ಕೈಯಲ್ಲಿಲ್ಲದ ಫಲವನ್ನು ಬಿಟ್ಟು ನಾಳೆಯ ಪಾಠಪರೀಕ್ಷೆಯನ್ನು ನೋಡಿಕೊಳ್ಳೆಂದು ಕೆಲಸ ಒಪ್ಪಿಸುವರು. ರೈಲಿಯು ತಂಡಕ್ಕೆ ಆಯ್ಕೆಯಾದಳೋ ಇಲ್ಲವೋ ಎಂಬುದನ್ನು ಚಿತ್ರವು ಹೇಳುವುದೇ ಇಲ್ಲ. ಫಲಿತಾಂಶದ ದಿನ ಅಂಕಗಳನ್ನು ಕೇಳುವ ಮೊದಲು ಮಗಳಿಗೆ ಊಟವಾಯಿತೇ ಎಂದು ಕೇಳುವ ತಾಯಂದಿರೂ ಉಪಾಧ್ಯಾಯಿನಿಯರೂ ಹೆಚ್ಚಲಿ ಎಂಬುದೇ ನಮ್ಮ ಕೋರಿಕೆ.