ಕೇಳಿದ್ದು 300, ಬಾಳೋದು ಎಷ್ಟು?

ಹಳೇ ಕಾರು ಕೊಳ್ಳುವಾಗ ಯಾವ ಇಸವಿಯದು, ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳಿದರೆ ಅರ್ಧ ಬೆಲೆ ಗೊತ್ತಾಗಿಬಿಡುತ್ತೆ. ಮರಗೆಲಸದ ಟೇಬಲ್ ಸಾ ವಿಷಯದಲ್ಲಿ ಈ ಲೆಕ್ಕ ನಡೆಯೋಲ್ಲ. ಅದಕ್ಕೆ ಮೀಟರೂ ಇಲ್ಲ. ಚೆನ್ನಾಗಿ ನೋಡಿಕೊಂಡಿದ್ದರೆ 1975ರ ಯಂತ್ರ ಮೊನ್ನೆ ಮೊನ್ನೆ ಬಂದಿದ್ದಕ್ಕಿಂತ ಗಟ್ಟಿಯಾಗಿರುತ್ತೆ.

ಟೇಬಲ್ ಸಾ ಅಂದರೆ ಮೇಜಿನ ನಡುವಿನ ಸೀಳಿನಿಂದ ದುಂಡನೆಯ ಬ್ಲೇಡು ತಲೆ ಎತ್ತಿರುವ ಗರಗಸ ಯಂತ್ರ. ಅದರಲ್ಲಿ ಕ್ಯಾಬಿನೆಟ್ ಸಾ ದೊಡ್ಡಣ್ಣ. ಬೀಡುಕಬ್ಬಿಣದ ಮೇಜು, ಕೆಳಗೆ ಮುಚ್ಚಿದ ಪೆಟ್ಟಿಗೆಯೊಳಗೆ ಮೋಟಾರು, ತೂಕ ಸುಮಾರು 200 ಕೆ.ಜಿ. ನಾನಿರುವ ಓಹಾಯೋದಲ್ಲಿ ಗ್ಯಾರೇಜಿನಲ್ಲೇ ಬಡಗಿ ಕೆಲಸ ಮಾಡುವ ಹವ್ಯಾಸಿಗಳಿಗೆಲ್ಲ ಇದೊಂದು ಕನಸು. ನನ್ನ ಹತ್ತಿರ ಒಂದಿದೆ. ಹಾಗಾಗಿ ನಮ್ಮ ಕನ್ನಡ ಕೂಟದಲ್ಲಿ ಯಾರಿಗೆ ಮರದ ಹುಚ್ಚು ಹಿಡಿದರೂ ಮೊದಲ ಫೋನು ನನಗೇ.

ಹೋದ ತಿಂಗಳು ಫೋನು ಮಾಡಿದವನು ಸಾಫ್ಟ್‌ವೇರ್ ಹುಡುಗ, ಮೈಸೂರಿನವನು. 'ಅಣ್ಣಾ, ಡೆಲ್ಟಾ ಯೂನಿಸಾ, ಬರೀ 300 ಡಾಲರ್. ಇನ್ನೂ 50 ಇಳಿಸಬಹುದು ಅನ್ಸುತ್ತೆ. ಬರ್ತೀರಾ?' ಯೂನಿಸಾ 1939ರಲ್ಲಿ ಬಂದ ಮಾದರಿ, ದಶಕಗಟ್ಟಲೆ ಓಡಿದ ಹೆಸರು. ಈ ಥರದ ಹೊಸ ಯಂತ್ರಕ್ಕೆ ಈಗ 2,000 ಡಾಲರ್ ಕೊಟ್ಟರೂ ಸಾಲೋದಿಲ್ಲ. 300 ಅಂದರೆ ಒಂದೋ ಯಂತ್ರ ಕೆಟ್ಟಿರಬೇಕು, ಇಲ್ಲ ಮಾರುವವರಿಗೆ ಗೊತ್ತಿರಬಾರದು.

ಮಾರುತ್ತಿದ್ದವರು ಎಂಬತ್ತರ ಆಸುಪಾಸಿನ ಅಜ್ಜಿ. ಗಂಡ ತೀರಿಕೊಂಡು ವರ್ಷವಾಗಿದೆ, ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗಬೇಕು. 300 ಎಲ್ಲಿಂದ ಬಂತು ಅಂತ ಕೇಳಿದೆ. ಪಕ್ಕದ ಮನೆಯವರು ಹೇಳಿದರಂತೆ.

ನಾನು ಮೊದಲು ನೋಡೋದು ಮೋಟಾರಿನ ತಗಡು. ಎಷ್ಟು ಎಚ್‌ಪಿ, ಎಷ್ಟು ವೋಲ್ಟ್, ಎಷ್ಟು ಫೇಸ್ ಅಂತ ಅಲ್ಲೇ ಬರೆದಿರುತ್ತೆ. ಶಾಲೆ, ಕಾರ್ಖಾನೆಗಳಿಂದ ಬಂದ ಎಷ್ಟೋ ಯಂತ್ರಗಳು ತ್ರೀ ಫೇಸ್. ಊರಲ್ಲಿ ತ್ರೀ ಫೇಸ್ ಅಂದರೆ ಪಂಪ್‌ಸೆಟ್ಟಿನ ನೆನಪು. ಇಲ್ಲಿ ಸಾಮಾನ್ಯ ಮನೆಗೆ ಅದು ಬರೋದೇ ಇಲ್ಲ. ಅಂಥದ್ದು ಅಗ್ಗ ಅಂತ ಎತ್ತಿಕೊಂಡು ಬಂದರೆ ಮೋಟಾರೋ ಕನ್ವರ್ಟರೋ ಅಂತ ಇನ್ನೊಂದಷ್ಟು ನೂರು ಡಾಲರ್ ಸುರಿಯಬೇಕು. ಈ ಯಂತ್ರದ ತಗಡಿನಲ್ಲಿ 3 ಎಚ್‌ಪಿ, ಸಿಂಗಲ್ ಫೇಸ್ ಅಂತಿತ್ತು. ಸರಿ.

ಮೇಜಿನ ತುಂಬ ಕಿತ್ತಳೆ ಬಣ್ಣದ ತುಕ್ಕು. ಹುಡುಗ ನನ್ನ ಕಿವಿಯಲ್ಲಿ, 'ಇದನ್ನ ತೋರಿಸಿ ಇಳಿಸೋಣ' ಅಂದ. ಮೇಲ್ಮೈ ತುಕ್ಕು ಎಣ್ಣೆ ಹಾಕಿ ಸ್ಕ್ರಬ್ಬರಿನಲ್ಲಿ ಒಂದು ಭಾನುವಾರ ಉಜ್ಜಿದರೆ ಹೋಗುತ್ತೆ. ಅದಕ್ಕೆ ಬೆಲೆ ಮುರಿಯೋದು ಕಾರು ಕೊಳೆಯಾಗಿದೆ ಅಂತ ಚೌಕಾಸಿ ಮಾಡಿದ ಹಾಗೆ. ನಿಜವಾದ ರೋಗ ಅಂದರೆ ಬಿರುಕು, ಆಳದ ಗುಳಿ, ಡೊಂಕು. ಉಕ್ಕಿನ ನೇರಪಟ್ಟಿಯನ್ನ ಮೂಲೆಯಿಂದ ಮೂಲೆಗೆ ಇಟ್ಟು ಟಾರ್ಚ್ ಬಿಟ್ಟೆ. ಕೆಳಗಿಂದ ಬೆಳಕು ತೂರಲಿಲ್ಲ.

ಆಮೇಲೆ ಪ್ಲಗ್ ಕಿತ್ತು, ಬ್ಲೇಡು ಕೂರುವ ದಂಡವನ್ನ, ಅಂದರೆ ಆರ್ಬರನ್ನ, ಹಿಡಿದು ಅಲ್ಲಾಡಿಸಿದೆ. ಆಟ ಇರಲಿಲ್ಲ. ಕೈಯಲ್ಲಿ ತಿರುಗಿಸಿದಾಗ ಮಾತ್ರ ಮರಳು ಅರೆದಂಥ ಸದ್ದು. ಬೇರಿಂಗ್ ಹಾಕಿಸಬೇಕು, ಹೇಗೂ ಬಿಚ್ಚಿದ ಮೇಲೆ ಮೂರು ಬೆಲ್ಟನ್ನೂ ಬದಲಿಸೋದೇ ವಾಸಿ. ಬ್ಲೇಡನ್ನ ಏರಿಸುವ ಚಕ್ರ, 45 ಡಿಗ್ರಿಗೆ ವಾಲಿಸುವ ಚಕ್ರ ಎರಡೂ ಬಿಗಿ. ಅದು ಹಲ್ಲಿನಲ್ಲಿ ಗಟ್ಟಿಯಾದ ಮರದ ಪುಡಿ, ಗಾಬರಿ ಬೇಡ.

ಬಹಳ ಜನ ಮೋಟಾರು ನೋಡಿ ಮರುಳಾಗ್ತಾರೆ, ಫೆನ್ಸ್ ನೋಡೋದನ್ನ ಮರೀತಾರೆ. ಹಲಗೆಯನ್ನ ನೇರವಾಗಿ ಸೀಳಲು ಆನಿಸಿಕೊಳ್ಳುವ ಉದ್ದನೆಯ ಪಟ್ಟಿ ಅದು. ಹಳೇ ಯೂನಿಸಾಗಳ ಮೂಲ ಫೆನ್ಸ್ ಪ್ರತಿ ಸಲ ಅಳತೆ ನೋಡಿಯೇ ಕೂರಿಸಬೇಕಾದಂಥದ್ದು. ಈ ಅಜ್ಜ ಅದನ್ನ ತೆಗೆದು ಬೀಸ್‌ಮೇಯರ್ ಫೆನ್ಸ್ ಹಾಕಿಸಿದ್ದರು. ಬರೀ ಅದನ್ನೇ ಬಿಚ್ಚಿ ಮಾರಿದರೂ ಅಜ್ಜಿ ಕೇಳಿದ ದುಡ್ಡಿನ ಬಹುಪಾಲು ಬರುತ್ತೆ.

ಇಲ್ಲದೇ ಇದ್ದದ್ದು ಬ್ಲೇಡಿನ ಗಾರ್ಡು ಮತ್ತು ಸ್ಪ್ಲಿಟರ್. ಸೀಳಿದ ಮರ ಹಿಂದೆ ಕೂಡಿಕೊಂಡು ಬ್ಲೇಡನ್ನ ಕಚ್ಚದ ಹಾಗೆ ತಡೆಯುವ ತೆಳು ತಗಡು ಸ್ಪ್ಲಿಟರ್. ಅದಿಲ್ಲದೆ ಕಚ್ಚಿತೋ, ಹಲಗೆ ನೇರ ನಿಮ್ಮ ಹೊಟ್ಟೆಗೆ ಬರುತ್ತೆ. ಬೆಲೆ ಕಟ್ಟುವಾಗ ಇದನ್ನ ಬಿಡಿಭಾಗ ಅಂತ ಬಿಡಬಾರದು, ಯಂತ್ರದ ಭಾಗ ಅಂತಲೇ ಎಣಿಸಬೇಕು.

ಗ್ಯಾರೇಜಿನ ಹೊರಗೆ ನಿಂತು ಲೆಕ್ಕ ಹಾಕಿದೆವು. ಜಾಹೀರಾತಿನಲ್ಲಿ ಕೇಳುವ ಬೆಲೆ ಯಾವತ್ತೂ ಲೆಕ್ಕಕ್ಕಿಲ್ಲ, ನಿಜವಾಗಿ ಕೈ ಬದಲಾದ ಬೆಲೆ ಹಿಡಿಯಬೇಕು. ನಮ್ಮ ಕಡೆ ಒಳ್ಳೇ ಫೆನ್ಸ್ ಇರುವ ಇಂಥ ಯಂತ್ರ 800ರಿಂದ 1,000ಕ್ಕೆ ಹೋಗಿದ್ದನ್ನ ನೋಡಿದ್ದೇನೆ. ನಡುವಿನ 900 ಇಟ್ಟುಕೊಂಡೆವು. ಬೇರಿಂಗ್, ಬೆಲ್ಟಿಗೆ 100 ಕಳೆದು, ಗಾರ್ಡು ಸ್ಪ್ಲಿಟರಿಗೆ 150 ಕಳೆದರೆ ಉಳಿಯೋದು 650.

'ಆದ್ರೆ ಅಣ್ಣಾ, 300 ಅಂತ ಕೇಳಿದ್ದು ಅವರೇ ತಾನೇ?' ಅಂದ. ತಪ್ಪು ಮಾತೇನಲ್ಲ. ಹಳೇ ಯಂತ್ರಗಳ ವ್ಯಾಪಾರಿ 300 ಅಂದಿದ್ದರೆ ನಾನೇ 'ಬೇಗ ಕೊಡೋ' ಅಂತಿದ್ದೆ. ಅವನ ಹೊಟ್ಟೆಪಾಡೇ ಬೆಲೆ ತಿಳಿದಿರೋದು. ಇಲ್ಲಿ ಬೆಲೆ ಗೊತ್ತಿದ್ದವರು ಸತ್ತುಹೋಗಿದ್ದಾರೆ, ಉಳಿದವರಿಗೆ ಗೊತ್ತಿಲ್ಲ. 'ನಿಮ್ಮ ಅಜ್ಜಿ ಅಡಕೆ ತೋಟ ಮಾರೋಕೆ ಕೂತಿದ್ರೆ ಏನು ಮಾಡ್ತಿದ್ದೆ?' ಅಂದೆ. 'ಅಣ್ಣಾ, ಅದಕ್ಕೂ ಇದಕ್ಕೂ ಯಾಕೆ ತರ್ತೀರಾ' ಅಂತ ಮುಖ ಊದಿಸಿಕೊಂಡ. ಐದು ನಿಮಿಷ ಫೋನು ಉಜ್ಜುತ್ತಾ ನಿಂತಿದ್ದವನು, ಒಳಗೆ ಹೋಗಿ ಅವನೇ 650 ಅಂದ.

ಅಜ್ಜಿಗೆ ತಾನು ಕೇಳಿದ್ದು ತಪ್ಪಾಗಿ ಕೇಳಿಸಿತೇನೋ ಅಂತ ಗಲಿಬಿಲಿ. ಫೆನ್ಸ್ ತೋರಿಸಿ ಲೆಕ್ಕ ಹೇಳಿದೆವು. ಅದನ್ನ ಕೊಂಡ ದಿನ ಗಂಡ ಬೆಲೆಯನ್ನ ತನ್ನಿಂದ ಮುಚ್ಚಿಟ್ಟಿದ್ದರು ಅಂತ ನಕ್ಕರು. ಆಮೇಲೆ ಗೋಡೆಗೆ ನೇತುಹಾಕಿದ್ದ ಎಂಟು ಕ್ಲ್ಯಾಂಪುಗಳನ್ನೂ ಗಾಡಿಗೆ ಹಾಕಿಸಿದರು.

ಸಾಗಿಸೋದು ಬೇರೆಯೇ ಪುರಾಣ. ಪಕ್ಕದ ರೆಕ್ಕೆಗಳನ್ನ ಬಿಚ್ಚಿ, ಬಾಡಿಗೆ ಟ್ರೇಲರ್ ತಂದು, ನಾಲ್ಕು ಜನ ಹೆಣಗಿದೆವು. ಆ ಬಾಡಿಗೆಯನ್ನೂ ನಿಮ್ಮ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಹುಡುಗನ ಹೆಂಡತಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ಬೆರಳು ತಾಗಿದ ಕೂಡಲೇ ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ಲೇಡು ನಿಲ್ಲಿಸುವ ಸಾಸ್ಟಾಪ್ ಯಂತ್ರವನ್ನೇ ತಗೋ ಅಂತ ಅವಳ ಹಟವಿತ್ತು. ಅದರ ಕ್ಯಾಬಿನೆಟ್ ಮಾದರಿ ಹೊಸದಾಗಿ 3,000 ಡಾಲರ್ ದಾಟುತ್ತೆ. ಅವಳು ಹೇಳಿದ್ದರಲ್ಲೂ ನ್ಯಾಯವಿದೆ, ಕೈಲಾಗುವವರು ಅದನ್ನೇ ಕೊಳ್ಳಲಿ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಈಗ ಯೂನಿಸಾ ಅವರ ಗ್ಯಾರೇಜಿನಲ್ಲಿ ಹೊಸ ಬೇರಿಂಗ್ ಹಾಕಿಸಿಕೊಂಡು ಥಳಥಳ ಹೊಳೀತಾ ನಿಂತಿದೆ. ಪ್ಲಗ್ಗಿಗೆ ಅವಳೇ ಬಿಳಿ ಬ್ಯಾಂಡೇಜ್ ಟೇಪು ಸುತ್ತಿಟ್ಟಿದ್ದಾಳೆ. ಸ್ಪ್ಲಿಟರ್ ಗುರುವಾರ ಬರುತ್ತಂತೆ.