ಚಕಲ್ತಾಯ ಬರೀ ಒಂದು ಸ್ಲೈಡ್ ಅಲ್ಲ

ಪರಿಸರ ಅಧ್ಯಯನದ ಪಿಪಿಟಿಗಳಲ್ಲಿ ಒಂದು ಸ್ಲೈಡ್ ಖಾಯಂ. ಎಡಗಡೆ ಹಿಮ ತುಂಬಿದ ಬೆಟ್ಟ, ಬಲಗಡೆ ಅದೇ ಬೆಟ್ಟ ಬೋಳಾಗಿ. ಕೆಳಗೆ 'ಆಗ' ಮತ್ತು 'ಈಗ'. ನಾವು 'ಅಯ್ಯೋ ಪಾಪ' ಅಂತೀವಿ, ಮುಂದಿನ ಸ್ಲೈಡ್‌ಗೆ ಹೋಗ್ತೀವಿ. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕಿಗೆ ಬಂದ್ರೆ ಬರೆಯೋಕೆ ಅಷ್ಟು ಸಾಕು. ಬೊಲಿವಿಯಾದ ಚಕಲ್ತಾಯ ಇಂಥ ಸ್ಲೈಡ್‌ಗೆ ಹೇಳಿ ಮಾಡಿಸಿದ ಬೆಟ್ಟ. ಆದರೆ ಅದನ್ನು ಎರಡು ಫೋಟೋಗಳಲ್ಲಿ ಮುಗಿಸಿಬಿಡೋದು ಅನ್ಯಾಯ ಅನ್ನೋದು ನಮ್ಮ ವಾದ. ಯಾಕಂದ್ರೆ ಕರಗಿದ್ದು ಹಿಮ ಮಾತ್ರ ಅಲ್ಲ, ಒಂದು ಊರಿನ ಆಟದ ಜಾಗವೂ ಹೋಯ್ತು.

ಹಿಮವನ್ನು ಫ್ರೀಜರ್ ಬಿಟ್ಟು ಬೇರೆಲ್ಲೂ ನೋಡದ ನಮ್ಮಲ್ಲಿ ಬಹಳ ಜನಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಕಲ್ತಾಯ ಇರೋದು ಆಂಡೀಸ್ ಪರ್ವತಗಳಲ್ಲಿ, ಲಾ ಪಾಜ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಶಿಖರದ ಎತ್ತರ 5,421 ಮೀಟರ್. ಅಂದ್ರೆ ನೇಪಾಳದ ಕಡೆಯ ಎವರೆಸ್ಟ್ ಬೇಸ್ ಕ್ಯಾಂಪ್‌ಗಿಂತಲೂ ಮೇಲೆ. ಇಲ್ಲಿನ ಹಿಮನದಿಯ ಮೇಲೆ ಬೊಲಿವಿಯಾದ ಪರ್ವತಾರೋಹಿಗಳ ಕ್ಲಬ್ ಒಂದು ಸ್ಕೀಯಿಂಗ್ ತಾಣ ಮಾಡಿಕೊಂಡಿತ್ತು. ಜಗತ್ತಿನ ಅತಿ ಎತ್ತರದ ಸ್ಕೀ ತಾಣ ಅಂತ ಅದಕ್ಕೆ ಹೆಸರು. ದೇಶಕ್ಕೆಲ್ಲ ಇದ್ದದ್ದು ಅದೊಂದೇ.

ಇಂಜಿನಿಯರಿಂಗ್ ಓದೋರಿಗೆ ಖುಷಿ ಕೊಡೋ ವಿಷಯ ಅಲ್ಲಿನ ಯಂತ್ರ. ಸ್ಕೀ ಹಾಕ್ಕೊಂಡು ಕೆಳಗೆ ಜಾರೋದು ಸುಲಭ, ಮತ್ತೆ ಮೇಲೆ ಹತ್ತೋದೇ ಕಷ್ಟ. ಅದಕ್ಕೆ 1939ರಲ್ಲಿ ಒಂದು ಮೋಟಾರು ಗಾಡಿಯ ಇಂಜಿನ್ ಬಳಸಿ ಜನರನ್ನು ಎಳೆಯೋ ಹಗ್ಗದ ವ್ಯವಸ್ಥೆ ಕಟ್ಟಿದರು. ದಕ್ಷಿಣ ಅಮೆರಿಕದಲ್ಲಿ ಅದೇ ಮೊದಲನೆಯದು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರೋದರ ಹೆಚ್ಚುಕಡಿಮೆ ಅರ್ಧ. ಮನುಷ್ಯರಿಗೆ ಉಸಿರು ಕಟ್ಟೋ ಹಾಗೆ ಇಂಜಿನ್‌ಗೂ ಕಟ್ಟುತ್ತೆ, ಶಕ್ತಿ ಇಳಿಯುತ್ತೆ. ಆದರೂ ಓಡಿಸಿದರು. ನಮ್ಮ ಟೆಕ್ ಫೆಸ್ಟ್‌ಗಳಲ್ಲಿ 'ಇನ್ನೋವೇಷನ್' ಅಂತ ಬೋರ್ಡ್ ಹಾಕೋ ಎಷ್ಟೋ ಪ್ರಾಜೆಕ್ಟ್‌ಗಳಿಗಿಂತ ಇದು ಗಟ್ಟಿ ಕೆಲಸ ಅಂತ ನಮಗನ್ನಿಸುತ್ತೆ.

ಇನ್ನೊಂದು ವಿಚಿತ್ರ ನೋಡಿ. ಅಲ್ಲಿ ಸ್ಕೀಯಿಂಗ್ ನಡೀತಿದ್ದದ್ದು ಮುಖ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಭೂಮಧ್ಯರೇಖೆಯ ದಕ್ಷಿಣಕ್ಕಿರೋ ಬೊಲಿವಿಯಾಕ್ಕೆ ಅದು ಬೇಸಿಗೆ, ಮಳೆಗಾಲವೂ ಅದೇ. ಮಳೆಗಾಲದಲ್ಲೇ ಅಷ್ಟೆತ್ತರದಲ್ಲಿ ಹಿಮ ಬೀಳೋದು. ಅಂದ್ರೆ ಆ ಜನ 'ಚಳಿಗಾಲದ ಆಟ'ವನ್ನು ಬೇಸಿಗೆಯಲ್ಲಿ ಆಡ್ತಿದ್ದರು!

ಈಗ ಲೆಕ್ಕಕ್ಕೆ ಬರೋಣ. 1940ರಲ್ಲಿ ಆ ಹಿಮನದಿಯ ವಿಸ್ತೀರ್ಣ 0.22 ಚದರ ಕಿಲೋಮೀಟರ್, ಅಂದ್ರೆ ಸುಮಾರು 54 ಎಕರೆ. 2007ರಲ್ಲಿ ಉಳಿದಿದ್ದು 0.01, ಅಂದ್ರೆ ಎರಡೂವರೆ ಎಕರೆ. 2015ರವರೆಗೆ ಉಳಿಯಬಹುದು ಅಂತ ವಿಜ್ಞಾನಿಗಳು ಅಂದಾಜು ಮಾಡಿದ್ದರು. 2009ಕ್ಕೇ ಪೂರ್ತಿ ಮಾಯ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತೆ, ಕಪ್ಪು ಬಂಡೆ ಹೀರಿಕೊಳ್ಳುತ್ತೆ. ಬಂಡೆ ಸ್ವಲ್ಪ ಹೊರಗೆ ಕಂಡ ಮೇಲೆ ಪಕ್ಕದ ಹಿಮ ಇನ್ನೂ ಬೇಗ ಕರಗುತ್ತೆ. ಚಿಕ್ಕ ಹಿಮನದಿ ಕೊನೆಕೊನೆಗೆ ಓಡಿಹೋಗೋದು ಹೀಗೆ.

'ಸ್ಕೀಯಿಂಗ್ ಹೋದ್ರೆ ಹೋಗ್ಲಿ ಬಿಡ್ರಪ್ಪ, ಕುಡಿಯೋ ನೀರಿನದು ದೊಡ್ಡ ಪ್ರಶ್ನೆ ಅಲ್ವಾ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಲಾ ಪಾಜ್‌ಗೆ ಬರೋ ನೀರಿನಲ್ಲಿ ಸುತ್ತಲಿನ ಹಿಮನದಿಗಳ ಪಾಲೂ ಇದೆ. 2016ರ ಬರಗಾಲದಲ್ಲಿ ಆ ಊರಿಗೆ ನೀರು ಪೂರೈಸೋ ಅಣೆಕಟ್ಟೆಗಳು ಬತ್ತಿ, ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯ್ತು. ಆಟಕ್ಕಿಂತ ನೀರು ದೊಡ್ಡದು, ಒಪ್ಪಿದ್ವಿ. ಆದರೆ ಬೆಟ್ಟದ ಮೇಲಿನ ಹಿಮ ತೆಳುವಾಗ್ತಿರೋದು ನಲ್ಲಿಯಲ್ಲಿ ನೀರು ಬರೋವರೆಗೂ ಊರಿನ ಕಣ್ಣಿಗೆ ಬೀಳಲ್ಲ. ವಾರವಾರ ಅದರ ಮೇಲೆ ಕಾಲಿಡೋರಿಗೆ ಬೀಳುತ್ತೆ. ಹೋದ ವರ್ಷ ಇಲ್ಲದ ಕಲ್ಲು ಈ ವರ್ಷ ಎದ್ದಿದೆ ಅಂತ ಮೊದಲು ಗೊತ್ತಾಗೋದು ಜಾರೋರಿಗೆ.

ಹಾಗಾಗಿ ನಾವು ಹೇಳೋದು ಇಷ್ಟು: ಇಂಥ ಜಾಗಗಳನ್ನು ನೆನಪಿಡೋದು ಅಂದ್ರೆ ಹಳೇ ಫೋಟೋ ನೋಡಿ ನಿಟ್ಟುಸಿರು ಬಿಡೋದಲ್ಲ, ಬರೆದಿಡೋದು. ಇದೇ ಚಕಲ್ತಾಯ ಬೆಟ್ಟದಲ್ಲಿ ಕಾಸ್ಮಿಕ್ ಕಿರಣಗಳ ಪ್ರಯೋಗಾಲಯ ಇದೆ. 1947ರಲ್ಲಿ ಬ್ರೆಜಿಲ್‌ನ ಸೀಸರ್ ಲಾಟೆಸ್ ಈ ಬೆಟ್ಟದ ಮೇಲೆ ಇಟ್ಟ ಫೋಟೋಗ್ರಾಫಿಕ್ ಪ್ಲೇಟ್‌ಗಳು ಪಯಾನ್ ಅನ್ನೋ ಕಣದ ಶೋಧಕ್ಕೆ ಪುರಾವೆ ಒದಗಿಸಿದವು. ಆ ಕೆಲಸ ಇವತ್ತಿಗೂ ಸಿಗುತ್ತೆ, ಯಾಕಂದ್ರೆ ಅದು ದಾಖಲಾಗಿದೆ. ಹಗ್ಗ ಯಾರು ಸರಿಮಾಡ್ತಿದ್ದರು, ಇಂಜಿನ್ ಕೈಕೊಟ್ಟಾಗ ಏನು ಮಾಡ್ತಿದ್ದರು, ಯಾವ ವರ್ಷ ಎಷ್ಟು ದಿನ ಆಟ ಸಿಕ್ಕಿತು ಅನ್ನೋದಕ್ಕೂ ಅಷ್ಟೇ ಬೆಲೆ ಇರಬೇಕು.

ಇದು ಬರೀ ಭಾವನೆಯ ಮಾತಲ್ಲ. ಜಪಾನಿನ ಸುವಾ ಸರೋವರ ಚಳಿಗಾಲದಲ್ಲಿ ಯಾವಾಗ ಹೆಪ್ಪುಗಟ್ಟುತ್ತೆ ಅಂತ ಅಲ್ಲಿನ ದೇಗುಲದ ಅರ್ಚಕರು 1443ರಿಂದ ಬರೆದಿಡ್ತಾ ಬಂದಿದ್ದಾರೆ. ಅವರು ಬರೆದದ್ದು ದೈವಭಕ್ತಿಯಿಂದ. ಇವತ್ತು ಹವಾಮಾನ ವಿಜ್ಞಾನಿಗಳು ಅದನ್ನೇ ಡೇಟಾ ಆಗಿ ಬಳಸ್ತಾರೆ. ಒಂದು ಸ್ಕೀ ಕ್ಲಬ್ಬಿನ ರಿಜಿಸ್ಟರ್ ಕೂಡ ಹಾಗೇ ಆಗಬಲ್ಲದು.

ನಮ್ಮ ದೇಶದಲ್ಲೇ ಇನ್ನೂ ಕಾಲ ಮೀರದ ಒಂದು ಜಾಗ ಇದೆ. ಶಿಮ್ಲಾದ ಐಸ್ ಸ್ಕೇಟಿಂಗ್ ರಿಂಕ್ ಶುರುವಾಗಿದ್ದು 1920ರಲ್ಲಿ. ಅಲ್ಲಿ ಸಂಜೆ ನೆಲಕ್ಕೆ ನೀರು ಹಾಯಿಸ್ತಾರೆ, ರಾತ್ರಿಯ ಚಳಿಗೆ ಅದು ಗಡ್ಡೆ ಕಟ್ಟುತ್ತೆ, ಬೆಳಗ್ಗೆ ಮಕ್ಕಳು ಸ್ಕೇಟ್ ಮಾಡ್ತಾರೆ. ಮೋಡ ಕವಿದ ರಾತ್ರಿ ಗಡ್ಡೆ ಕಟ್ಟಲ್ಲ. ಆಟ ಸಿಗೋ ದಿನಗಳು ಹಿಂದಿಗಿಂತ ತುಂಬಾ ಕಡಿಮೆಯಾಗಿವೆ. ಮುಂದೆ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಯಾರಾದ್ರೂ ಶಿಮ್ಲಾ ಟ್ರಿಪ್ ಹಾಕಿದ್ರೆ ಮಾಲ್ ರೋಡ್ ಸೆಲ್ಫಿ ಆದಮೇಲೆ ಅಲ್ಲಿಗೂ ಹೋಗಿ. ಸಂಜೆ ನೀರು ಬಿಡೋರನ್ನ ಮಾತಾಡಿಸಿ, ನಿನ್ನೆ ರಾತ್ರಿ ಗಡ್ಡೆ ಕಟ್ಟಿತಾ ಅಂತ ಕೇಳಿ, ತಾರೀಖು ಹಾಕಿ ಬರ್ಕೊಂಡು ಬನ್ನಿ. ಇದೇ ಪತ್ರಿಕೆಯಲ್ಲಿ ಹಾಕೋಣ.