ವಿಶ್ವವಿದ್ಯಾನಿಲಯಕ್ಕೆ ವಿಮಾನವೇಕೆ?

ವಿಮಾನ ನಡೆಸುವುದನ್ನು ಕಲಿಸುವುದು ವಿಶ್ವವಿದ್ಯಾನಿಲಯದ ಕೆಲಸವೇ? ಮೋಟಾರು ನಡೆಸುವುದನ್ನು ಕಲಿಯಲು ಯಾರೂ ಪದವಿ ತರಗತಿಗೆ ಸೇರುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಉತ್ತರವಾಗಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಒಂದು ಪ್ರಯೋಗವನ್ನು ವಾಚಕರ ಮುಂದಿಡಬಯಸುತ್ತೇವೆ.

ಆ ವಿಶ್ವವಿದ್ಯಾನಿಲಯವು 1945ರಲ್ಲಿ ವಿಲರ್ಡ್ ಎಂಬ ಸ್ವಂತ ವಿಮಾನ ನಿಲ್ದಾಣವನ್ನು ತೆರೆಯಿತು. ಅದರ ವೈಮಾನಿಕ ಸಂಸ್ಥೆಯು ವಿದ್ಯಾರ್ಥಿಗಳಿಗೆ ಹಾರಾಟವನ್ನು ಕಲಿಸಿತು. 1946ರಲ್ಲಿ ಅಲೆಕ್ಸಾಂಡರ್ ವಿಲಿಯಮ್ಸ್ ಎಂಬವರು ಅಲ್ಲಿಯೇ ವೈಮಾನಿಕ ಮನಶ್ಶಾಸ್ತ್ರದ ಪ್ರಯೋಗಾಲಯವೊಂದನ್ನು ಸ್ಥಾಪಿಸಿದರು.

ಮೋಡ ಕವಿದು ದಿಗಂತ ಮರೆಯಾದಾಗ ಅಭ್ಯಾಸವಿಲ್ಲದ ವೈಮಾನಿಕನ ಗತಿಯೇನು? ಇದನ್ನರಿಯಲು ಸಂಸ್ಥೆಯ ನಿರ್ದೇಶಕ ಲೆಸ್ಲಿ ಬ್ರಯನ್ ಮತ್ತು ಸಂಗಡಿಗರು, ಉಪಕರಣಗಳನ್ನು ನೋಡಿಯೇ ಹಾರಿಸುವ ಶಿಕ್ಷಣ ಪಡೆಯದಿದ್ದ 20 ಮಂದಿಯನ್ನು ಬೊನಾಂಜ ವಿಮಾನದಲ್ಲಿ ಕೂರಿಸಿ, ಹೊರಗಿನ ನೋಟವನ್ನು ಮರೆಮಾಡಿದರು. ಪಕ್ಕದಲ್ಲಿ ಶಿಕ್ಷಕರಿದ್ದುದರಿಂದ ಪ್ರಾಣಾಪಾಯವಿರಲಿಲ್ಲ. 20 ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು, ಎಂದರೆ ಮೂರು ನಿಮಿಷವೂ ಇಲ್ಲ! ವರದಿಯು 1954ರಲ್ಲಿ ಪ್ರಕಟವಾಯಿತು.

ಇದು ಅವರ ಹೇಡಿತನವಲ್ಲ, ದಡ್ಡತನವೂ ಅಲ್ಲ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಅರ್ಧವರ್ತುಲಾಕಾರದ ನಾಳಗಳಿವೆ. ತಿರುಗುವಿಕೆಯ ವೇಗ ಬದಲಾದಾಗ ಮಾತ್ರ ಅವು ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ವಿಮಾನವು ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ಅದೇ ವೇಗ ಪಡೆದು, ನೇರವಾಗಿ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. ಮೂತಿ ಇಳಿದು ವೇಗ ಏರಿದಾಗ ವೈಮಾನಿಕನು ಹಿಡಿಯನ್ನು ತನ್ನತ್ತ ಸೆಳೆಯುತ್ತಾನೆ. ವಾಲಿದ ವಿಮಾನದಲ್ಲಿ ಅದರಿಂದ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಆ 20 ಮಂದಿಯಲ್ಲಿ 19 ಮಂದಿ ಬಿದ್ದುದು ಈ ಸುರುಳಿಗೇ.

ಬ್ರಯನ್ ಅವರ ತಂಡ ಇಷ್ಟಕ್ಕೆ ನಿಲ್ಲಲಿಲ್ಲ. ಗಾಲಿಗಳನ್ನಿಳಿಸಿ, ವೇಗ ತಗ್ಗಿಸಿ, ಹಿಡಿಯಿಂದ ಕೈ ತೆಗೆದು, ಕಾಲಿನ ಪೆಡಲುಗಳಿಂದಲೇ ವಿಮಾನವನ್ನು ಮೆಲ್ಲನೆ ಹಿಂದಿರುಗಿಸುವ ಕ್ರಮವನ್ನು ಅದೇ ಜನರಿಗೆ ಕಲಿಸಿತು. ಆ ಬಳಿಕ ಅವರು ಬಹುತೇಕ ಎಲ್ಲ ಪರೀಕ್ಷೆಗಳಲ್ಲಿಯೂ ಕ್ಷೇಮವಾಗಿ ಮರಳಿದರು. ಕೈ ಬಿಡುವುದನ್ನೇ ಕಲಿಸಿದ ಪಾಠ! ಖಾಸಗಿ ವೈಮಾನಿಕನ ಪರವಾನಗಿ ಬಯಸುವವನು ಉಪಕರಣಗಳನ್ನೇ ನಂಬಿ 3 ಗಂಟೆ ಹಾರಾಟದ ಶಿಕ್ಷಣ ಪಡೆಯಬೇಕೆಂದು ಅಮೆರಿಕದ ಇಂದಿನ ನಿಯಮ ಹೇಳುತ್ತದೆ.

ನೆಲದ ಮೇಲಿನ ಕೃತಕ ವಿಮಾನಗಳು ಸಾಲವೇ ಎಂದರೆ, ಅವು ಅಗ್ಗ, ಉಪಯುಕ್ತವೂ ಹೌದು. ಅದರಲ್ಲಿ ಕಳೆದ ಮೊದಲ ಗಂಟೆಗಳು ಹಾರಾಟದ ಕಾಲವನ್ನು ಬಹಳವಾಗಿ ಉಳಿಸುತ್ತವೆ, ನಂತರದ ಗಂಟೆಗಳು ಕಡಿಮೆ ಕಡಿಮೆಯಾಗಿ ಎಂದು 1971ರಲ್ಲಿ ವಿವರಿಸಿದವರು ಇದೇ ಸಂಸ್ಥೆಯ ಸ್ಟ್ಯಾನ್ಲಿ ರಾಸ್ಕೋ. ಆದರೆ ಅಲುಗದ ಯಂತ್ರವು ಕಿವಿಯ ದ್ರವವನ್ನು ವಂಚಿಸಲಾರದು.

ಗಂಟೆಗೆ ಇಷ್ಟೆಂದು ಹಣ ಪಡೆದು ಹಾರಾಟ ಕಲಿಸುವ ಶಾಲೆಗೆ ಇಂತಹ ಪ್ರಯೋಗಕ್ಕೆ ಬಿಡುವೂ ಇಲ್ಲ, ಪ್ರೇರಣೆಯೂ ಇಲ್ಲ. ವಿಮಾನ, ಶಿಕ್ಷಕ, ಸಂಶೋಧಕ ಎಲ್ಲರೂ ಒಂದೇ ಬಯಲಿನಲ್ಲಿದ್ದುದರಿಂದ ಇದು ಸಾಧ್ಯವಾಯಿತೆಂದು ನಾವು ನಂಬುತ್ತೇವೆ. ಆದರೂ 2011ರಲ್ಲಿ ಆ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯು ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಬೋಧನೆಯನ್ನು ನೆರೆಯ ಪಾರ್ಕ್‌ಲೆಂಡ್ ಕಾಲೇಜು ವಹಿಸಿಕೊಂಡಿತು. ವಿಮಾನಗಳ ವೆಚ್ಚ ಹಗುರವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಆ ತೀರ್ಮಾನವನ್ನು ನಾವು ಒಪ್ಪಲಾರೆವು.